ಸಣ್ಣಸ್ವಾಮಿ ಹುಡುಕಿದ ಪುಸ್ತಕ

ಗೋಣಿಕೊಪ್ಪಲಿನ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಸಣ್ಣಸ್ವಾಮಿಯ ರಿಪೇರಿ ಅಂಗಡಿ. ಬೆಳಿಗ್ಗೆ ಶಟರ್ ಎತ್ತಿದ ಮೇಲೆ ಅವನು ಮಾಡುವ ಮೊದಲ ಕೆಲಸ ದೀಪ ಹಚ್ಚುವುದಲ್ಲ. ಮೇಜಿನ ಮೇಲಿರುವ ಹಳೆಯ ಮಲ್ಟಿಮೀಟರಿನ ಕೆಂಪು ವಯರು, ಕಪ್ಪು ವಯರು ಎರಡರ ತುದಿಗಳನ್ನೂ ಒಂದಕ್ಕೊಂದು ಮುಟ್ಟಿಸಿ ಹಿಡಿಯುತ್ತಾನೆ. ಮುಳ್ಳು ಓಡಿಬಂದು ಸೊನ್ನೆಯ ಗೆರೆಯ ಮೇಲೆ ನಿಲ್ಲಬೇಕು. ಕೂದಲೆಳೆಯಷ್ಟು ಆಚೀಚೆ ಆದರೆ ಪಕ್ಕದ ತಿರುಗಣೆಯನ್ನು ಹೆಬ್ಬೆರಳಿನಲ್ಲಿ ಒಂದಿಷ್ಟೇ ತಿರುಗಿಸಿ, ಉಸಿರು ಹಿಡಿದು ಮತ್ತೊಮ್ಮೆ ನೋಡುತ್ತಾನೆ. ಗೋಡೆಯಲ್ಲಿರುವ ರಾಮನಾಥಪುರದ ಸುಬ್ರಹ್ಮಣ್ಯನ ಪಟಕ್ಕೆ ಊದುಬತ್ತಿ ಆಮೇಲೆ. ಮೂವತ್ತೊಂದು ವರ್ಷದಲ್ಲಿ ಇದು ಒಂದು ದಿನವೂ ತಪ್ಪಿದ್ದಿಲ್ಲ. ಮಗಳ ಮದುವೆಯ ದಿನ ಕೂಡ ಮುಹೂರ್ತಕ್ಕೆ ಮುಂಚೆ ಅಂಗಡಿಗೆ ಬಂದು ಹೋಗಿದ್ದ. ಕೇಳಿದವರಿಗೆ, "ದೇವರ ಮುಂದೆ ನಿಲ್ಲೋಕೆ ಮುಂಚೆ ಕೈಕಾಲು ತೊಳ್ಕೊಳಲ್ವಾ, ಹಂಗೇ ಇದೂ" ಎನ್ನುತ್ತಿದ್ದ.

ಅವನ ತಂದೆ ಅರಕಲಗೂಡಿನ ಕಡೆಯಿಂದ ಕುಶಾಲನಗರದ ಹತ್ತಿರಕ್ಕೆ ಬಂದು ನೆಲೆನಿಂತ ರೈತರು. ಮಗನಿಗೆ ಮಣ್ಣಿನ ಕೆಲಸ ಕೈಗೆ ಹತ್ತಲಿಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ, ರೇಡಿಯೋಗಳನ್ನು ಬಿಚ್ಚುತ್ತ ಜೋಡಿಸುತ್ತ ಕೆಲಸ ಕಲಿತ. ಕಲಿಸಿದವರು ಅಂತ ಯಾರೂ ಇಲ್ಲ. ರೇಡಿಯೋ ಕಾಲ ಮುಗಿಯಿತು, ಟೀವಿಯ ಕಾಲವೂ ಮುಗಿಯಿತು. ಅಂಗಡಿ ಮುಚ್ಚಬೇಕೇನೋ ಎನ್ನುವ ಹೊತ್ತಿಗೆ ಊರಿಗೆ ತೇವಾಂಶದ ಮೀಟರುಗಳು ಬಂದವು.

ಕಾಫಿ ನಾಡಿನವರಿಗೆ ಅದನ್ನು ವಿವರಿಸಿ ಹೇಳಬೇಕಾಗಿಲ್ಲ. ಉಳಿದವರಿಗಾಗಿ ಹೇಳುವುದಾದರೆ, ಅದೊಂದು ಚಿಕ್ಕ ಪೆಟ್ಟಿಗೆ. ಅದರ ಬಾಯಿಗೆ ಅಳತೆಯಷ್ಟು ಬೀಜ ಸುರಿದು ಗುಂಡಿ ಒತ್ತಿದರೆ, ಬೀಜದೊಳಗೆ ನೂರಕ್ಕೆ ಎಷ್ಟು ಪಾಲು ನೀರು ಉಳಿದಿದೆ ಎಂದು ತೋರಿಸುತ್ತದೆ. ಒದ್ದೆ ಬೀಜದಲ್ಲಿ ವಿದ್ಯುತ್ತು ನಡೆದುಕೊಳ್ಳುವ ರೀತಿಯೇ ಬೇರೆ, ಒಣಗಿದ ಬೀಜದಲ್ಲಿ ಬೇರೆ. ಪೆಟ್ಟಿಗೆ ಅಳೆಯುವುದು ಅದನ್ನು. ಬೆಳೆಗಾರರ ಸೊಸೈಟಿಯ ಗೋಡೌನಿನಲ್ಲಿ ಹನ್ನೊಂದರ ಒಳಗೆ ಬಂದರೆ ಮೂಟೆ ಇಳಿಸಿಕೊಳ್ಳುತ್ತಾರೆ. ಮೇಲೆ ಹೋದರೆ ಮೂಟೆ ವಾಪಸ್ ಕಣಕ್ಕೆ, ಇನ್ನೆರಡು ದಿನ ಬಿಸಿಲಿಗೆ.

ಊರಿನ ಎಪ್ಪತ್ತಕ್ಕೂ ಹೆಚ್ಚು ಮೀಟರುಗಳನ್ನು ರಿಪೇರಿ ಮಾಡಿ ಸರಿಗೆ ಕೂರಿಸುವವನು ಸಣ್ಣಸ್ವಾಮಿ ಒಬ್ಬನೇ. ಹದಿನಾಲ್ಕು ವರ್ಷದ ಹಿಂದೆ ಒಂದು ಎಸ್ಟೇಟಿನವರು ಹಳೆಯ ಸಾಮಾನು ಮಾರುವಾಗ ಒಂದು ಒಳ್ಳೆಯ ಮೀಟರು ಕೊಂಡಿದ್ದ. ಅದಕ್ಕೆ ಅವನು ಇಟ್ಟ ಹೆಸರು ತಾಯಿ ಮೀಟರು. ಬಂದ ಮೀಟರುಗಳನ್ನೆಲ್ಲ ಅದರ ಪಕ್ಕದಲ್ಲಿಟ್ಟು, ಒಂದೇ ಚೀಲದ ಬೀಜ ಎರಡಕ್ಕೂ ಹಾಕಿ, ತಾಯಿ ಹೇಳಿದ್ದನ್ನೇ ಮಗುವೂ ಹೇಳುವ ತನಕ ತಿರುಪು ತಿರುಗಿಸುತ್ತಿದ್ದ.

ಈ ಸಲದ ಜನವರಿ ಕೊನೆಯ ಸೋಮವಾರ ಬೋಜಮ್ಮ ಅಂಗಡಿಗೆ ಬಂದರು. ಊರಾಚೆ ಎರಡೆಕರೆ ಕಾಫಿ ಇಟ್ಟುಕೊಂಡು ತಾವೇ ಕುಯ್ದು ತಾವೇ ಒಣಗಿಸುವ ಹೆಂಗಸು, ವಯಸ್ಸು ಅರವತ್ತೆಂಟು. ಬಲಗೈ ಮೊಣಕೈ ತನಕ ಪ್ಲಾಸ್ಟರಿನಲ್ಲಿತ್ತು.

"ಏನವ್ವಾ ಇದು?" ಎಂದು ಸಣ್ಣಸ್ವಾಮಿ ಸ್ಟೂಲು ಎಳೆದುಕೊಟ್ಟ.

"ಎಂತ ಹೇಳೋದು ಸ್ವಾಮಿ. ಸೊಸೈಟಿಯಲ್ಲಿ ಮೂರು ಸಲ ಮೂಟೆ ವಾಪಸ್ ಮಾಡಿದ್ರು. ಹನ್ನೆರಡೂವರೆ ತೋರಿಸ್ತದೆ ಅಂತ. ಹೊತ್ತುಕೊಂಡು ಬಂದು ಮತ್ತೆ ಕಣದಲ್ಲಿ ಹರಡಿದೆ. ಆಚೆ ವಾರ ಆ ಹಾಳು ಮಳೆ ಬಂತಲ್ಲ, ಟಾರ್ಪಾಲ್ ಎಳೀಲಿಕ್ಕೆ ಓಡಿದೆ, ಜಾರಿಬಿದ್ದೆ."

"ಅಯ್ಯೋ."

"ಕೈ ಹೋದ್ರೆ ಹೋಗಲಿ, ಕೂಡ್ತದೆ. ನಾನು ಕೇಳಲಿಕ್ಕೆ ಬಂದದ್ದು ಬೇರೆ." ಆಕೆ ಎಡಗೈಯಿಂದ ಸೆರಗಿನ ಗಂಟು ಬಿಚ್ಚಲು ನೋಡಿ, ಆಗದೆ, ಅವನ ಮುಂದೆ ಚಾಚಿದರು. ಗಂಟಿನಲ್ಲಿ ಒಂದು ಹಿಡಿ ಒಣ ಚೆರಿ, ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು, ಇತ್ತು. "ನಾಲ್ಕನೇ ಸಲಕ್ಕೆ ಸೊಸೈಟಿಯವರು ತಗೊಂಡ್ರು. ನನ್ನ ತಂಗಿ ಮೊಮ್ಮಗ ಮೋಕ್ಷಿತ್ ಕುಶಾಲನಗರದಲ್ಲಿ ಕಾಫಿ ಹಸನು ಮಾಡುವ ಕಡೆ ಕೆಲಸಕ್ಕುಂಟು. ಅವನು ಅದೇ ಮೂಟೆಯದ್ದು ಒಂದು ಹಿಡಿ ಅಲ್ಲಿಯ ಮಿಷನಿಗೆ ಹಾಕಿದನಂತೆ. ಒಂಬತ್ತಕ್ಕೂ ಕಡಿಮೆ ಬಂತಂತೆ. ಅಜ್ಜಿ, ನೀನು ಕಾಫಿ ಒಣಗಿಸಿದ್ದಲ್ಲ, ಸುಟ್ಟದ್ದು ಅಂತ ನಗಾಡ್ತಾನೆ."

ಸಣ್ಣಸ್ವಾಮಿ ಬೀಜವನ್ನು ಮೇಜಿನ ಮೇಲಿನ ತಟ್ಟೆಗೆ ಸುರಿದುಕೊಂಡ.

"ಮೊದಲನೇ ಸಲ ಕೊಂಡೋಗುವಾಗಲೇ ಕೈಯಲ್ಲಿ ಹಿಡಿದು ಅಲ್ಲಾಡಿಸಿ ನೋಡಿದ್ದೆ ಸ್ವಾಮಿ. ಗಲಗಲ ಅಂತಿತ್ತು. ನಮ್ಮ ಅತ್ತೆ ಕಲಿಸಿಕೊಟ್ಟದ್ದು ಅದೊಂದೇ. ಒಣಗಿದೆ ಅಂತ ಕಿವಿ ಹೇಳ್ತು, ಇಲ್ಲ ಅಂತ ಮಿಷನ್ ಹೇಳ್ತು. ಮಿಷನ್ ಮಾತು ಕೇಳಿದೆ." ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವನಿಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ. "ಮೋಕ್ಷಿತ್ ಸೊಸೈಟಿಗೆ ಅರ್ಜಿ ಬರೆದು ಹಾಕಿದ್ದಾನೆ. ಬರುವ ವಾರದ ಶುಕ್ರವಾರ ಮೀಟಿಂಗಂತೆ. ನನಗೆ ಅದೆಲ್ಲ ಬೇಡ. ನೀನು ಮಿಷನ್ ಬಲ್ಲವ, ನೀನು ಹೇಳು. ಯಾವ ಮಿಷನ್ ಸತ್ಯ ಹೇಳ್ತದೆ?"

"ನೋಡಿ ಹೇಳ್ತೀನವ್ವ" ಎಂದ.

ಆಕೆ ಹೋದ ಮೇಲೆ ಆ ಒಂದು ಹಿಡಿ ಬೀಜವನ್ನು ಮುಂದಿಟ್ಟುಕೊಂಡು ಕುಳಿತ. ತಾಯಿ ಮೀಟರಿಗೆ ಹಾಕಿದರೆ ಹತ್ತು ಮುಕ್ಕಾಲು ತೋರಿಸಿತು. ನಾಲ್ಕನೇ ಸಲ ಸೊಸೈಟಿಯ ಮೀಟರು ಹೇಳಿದ್ದೂ ಅದೇ. ಕುಶಾಲನಗರಕ್ಕೆ ಫೋನ್ ಮಾಡಿ ಕೇಳಿದ. "ನಮ್ಮದಕ್ಕೆ ಸ್ಟಿಕರ್ ಇದೆ, ಕಂಪನಿಯೋರು ಅಂಟಿಸಿ ಹೋಗಿರೋದು" ಎಂದರು. ಕಂಪನಿಯವರು ಯಾವುದನ್ನು ನೋಡಿ ಸರಿ ಮಾಡಿದರು ಎಂದು ಕೇಳಿದ್ದಕ್ಕೆ, "ಅದೆಲ್ಲ ನಮಗೆ ಹೆಂಗೆ ಗೊತ್ತಾಗುತ್ತೆ ಸಾರ್" ಎಂದು ಇಟ್ಟುಬಿಟ್ಟರು. ತಾಯಿ ಮೀಟರಿನ ಕಂಪನಿ ಮುಚ್ಚಿ ಎಂಟು ವರ್ಷವಾಗಿತ್ತು. ಬೆಂಗಳೂರಿನ ಒಂದು ಲ್ಯಾಬಿನವರು ಕಳಿಸಿಕೊಡಿ ಎಂದರು. ಆದರೆ ವಾಪಸ್ ಬರಲು ಒಂದೂವರೆ ತಿಂಗಳು.

ಆಗ ಅವನಿಗೆ ಅನ್ನಿಸಿದ್ದು ಒಂದೇ. ಇದನ್ನೆಲ್ಲ ಬಲ್ಲವರು ಎಲ್ಲೋ ಬರೆದಿಟ್ಟಿರುತ್ತಾರೆ. ಅಳೆಯುವ ಯಂತ್ರವನ್ನೇ ಅಳೆಯುವುದು ಹೇಗೆ ಎಂದು ಯಾರೋ ಪುಣ್ಯಾತ್ಮರು ಪುಸ್ತಕ ಮಾಡಿರಲೇಬೇಕು. ಇಷ್ಟು ವರ್ಷ ಅದನ್ನು ಹುಡುಕದೆ ಕೈಗುಣದ ಮೇಲೆ ನಡೆದುಬಿಟ್ಟೆನಲ್ಲ ಎಂದು ನಾಚಿಕೆಯಾಯಿತು.

ಬುಧವಾರ ಅಂಗಡಿಗೆ ಬೀಗ ಹಾಕಿ ಮೈಸೂರಿಗೆ ಹೋದ. ಹಳೆಯ ಪುಸ್ತಕದ ಅಂಗಡಿಗಳನ್ನು ಒಂದೂ ಬಿಡದೆ ಸುತ್ತಿದ. "ಮೀಟರ್ ಸರಿ ಮಾಡೋದರ ಬಗ್ಗೆ ಪುಸ್ತಕ ಇದೆಯಾ?" ಎಂದರೆ ಒಬ್ಬ ಆಟೋ ಮೀಟರಾ ಎಂದ, ಇನ್ನೊಬ್ಬ ಕರೆಂಟ್ ಬಿಲ್ಲಿನ ಮೀಟರಾ ಎಂದ. ಮೂರನೆಯವನು ಕಣ್ಣೆತ್ತಿಯೂ ನೋಡದೆ, "ಐ.ಟಿ.ಐ. ಆ ಕಡೆ, ಇಂಜಿನಿಯರಿಂಗ್ ಈ ಕಡೆ, ಹುಡ್ಕೊಳ್ಳಿ" ಎಂದ. ಇಂಜಿನಿಯರಿಂಗ್ ರಾಶಿಯಲ್ಲಿ ಇದ್ದವೆಲ್ಲ ಪರೀಕ್ಷೆಗೆ ಮುನ್ನಾದಿನ ಓದುವ ಗೈಡುಗಳು. ಐ.ಟಿ.ಐ. ರಾಶಿಯಲ್ಲಿ ಕನ್ನಡದ್ದೇ ಒಂದು ಸಿಕ್ಕಿತು. ಅದರಲ್ಲಿ ಅಳತೆಯ ಉಪಕರಣಗಳು ಎಂಬ ಪಾಠವೂ ಇತ್ತು. ಬಸ್ಸಿನಲ್ಲಿ ಕಿಟಕಿ ಪಕ್ಕ ಕುಳಿತು, ಹುಣಸೂರು ದಾಟುವಷ್ಟರಲ್ಲಿ ಆ ಏಳು ಪುಟ ಓದಿ ಮುಗಿಸಿದ. ಕೊನೆಯ ಸಾಲು ಹೀಗಿತ್ತು: ಎಲ್ಲ ಮೀಟರುಗಳನ್ನೂ ಕಾಲಕಾಲಕ್ಕೆ ತಜ್ಞರಿಂದ ಪರೀಕ್ಷಿಸಿಕೊಳ್ಳತಕ್ಕದ್ದು.

ಊರಿಗೆಲ್ಲ ಆ ತಜ್ಞ ತಾನೇ ಎಂಬುದು ನೆನಪಾಗಿ ಪುಸ್ತಕ ಮುಚ್ಚಿಟ್ಟ.

ಮಗಳು ರಂಜಿತಾ ಗಂಡನ ಮನೆಯಿಂದಲೇ ಫೋನಿಗೆ ಎರಡು ಪುಸ್ತಕ ಕಳಿಸಿದಳು. ಒಂದೊಂದೂ ಆರುನೂರು ಪುಟ, ಪೂರಾ ಇಂಗ್ಲಿಷು. ಬೆರಳಲ್ಲಿ ಹಿಗ್ಗಿಸಿದರೆ ಅರ್ಧ ಸಾಲು ಕಾಣುತ್ತದೆ, ಕುಗ್ಗಿಸಿದರೆ ಇರುವೆ ಸಾಲು. "ಅಪ್ಪಾ, ಕನ್ನಡಕ್ಕೆ ಮಾಡೋ ಆ್ಯಪ್ ಇದೆ, ಹಾಕ್ಕೊಡ್ಲಾ?" ಎಂದಳು. ಹಾಕಿಕೊಟ್ಟಳು ಕೂಡ. ಬಂದ ಕನ್ನಡಕ್ಕಿಂತ ಇಂಗ್ಲಿಷೇ ವಾಸಿ ಅನ್ನಿಸಿತು.

ಶನಿವಾರ ಪಕ್ಕದ ಊರಿನ ಕಾಲೇಜಿನ ಲೈಬ್ರರಿಗೆ ಹೋದ. ಬಾಗಿಲ ಬಳಿಯ ಮೇಜಿನಲ್ಲಿ ಕುಳಿತಿದ್ದ ಕಮಲ ಎಂಬಾಕೆ ಮೇಲಿನಿಂದ ಕೆಳಗೆ ನೋಡಿ, "ಯಾರ ತಂದೆ ನೀವು?" ಎಂದು ಕೇಳಿದರು.

"ಇಲ್ಲಿ ಯಾರ ತಂದೆನೂ ಅಲ್ಲ ಮೇಡಂ. ನಾನೇ ಓದೋಕೆ ಬಂದಿದ್ದು."

"ಹೊರಗಿನವರಿಗೆ ಪುಸ್ತಕ ಕೊಡುವ ಹಾಗಿಲ್ಲ."

"ಕೊಡೋದು ಬೇಡ. ಕೂತ್ಕೊಂಡು ನೋಡ್ತೀನಿ."

ಏತಕ್ಕೆ ಎಂದು ಆಕೆ ಕೇಳಿದರು. ಅವನು ಬೋಜಮ್ಮನ ಕೈ ಮುರಿದದ್ದರಿಂದ ಶುರುಮಾಡಿ ಎಲ್ಲ ಹೇಳಿದ. ಕಮಲ ಅಷ್ಟನ್ನೂ ಕೇಳಿ, "ಊಟಕ್ಕೆ ಬೆಲ್ ಹೊಡೆಯುವ ತನಕ ಕೂತ್ಕೊಳ್ಳಿ" ಎಂದು ಒಳಗೆ ಬಿಟ್ಟರು.

ಕಪಾಟಿನಲ್ಲಿದ್ದ ಹೊಸ ಪುಸ್ತಕಗಳಲ್ಲಿ ಬರೀ ಸೂತ್ರಗಳು. ಆದರೆ ಮೂಲೆಯಲ್ಲಿ, ರದ್ದಿಗೆ ಹಾಕಲೆಂದು ಹುರಿ ಕಟ್ಟಿಟ್ಟ ಗಂಟಿನಲ್ಲಿ, ಹೆಸರಿನ ಪುಟವೇ ಹರಿದುಹೋದ ಒಂದು ದಪ್ಪ ಇಂಗ್ಲಿಷ್ ಪುಸ್ತಕವಿತ್ತು. ಕೊನೆಯ ಸಲ ಯಾರೋ ಅದನ್ನು ಒಯ್ದದ್ದು ತೊಂಬತ್ತೆಂಟರಲ್ಲಿ. ಅದರ ಚಿತ್ರಗಳನ್ನು ನೋಡುತ್ತಲೇ ಸಣ್ಣಸ್ವಾಮಿಗೆ ಇದು ಕೈಯಲ್ಲಿ ಕೆಲಸ ಮಾಡಿದವನು ಬರೆದದ್ದು ಎಂದು ತಿಳಿಯಿತು. ತಿರುಪು ಎಲ್ಲಿ ಸವೆಯುತ್ತದೆ ಎಂಬುದನ್ನೂ ಬರೆದವನು ಬಿಟ್ಟಿರಲಿಲ್ಲ. ಸಾಲಿನ ಕೆಳಗೆ ಬೆರಳಿಟ್ಟು, ಎರಡು ತಾಸಿನಲ್ಲಿ ಮೂರು ಪುಟ ದಾಟಿದ. ಒಂದು ಕಡೆ ಬೆರಳು ನಿಂತೇಬಿಟ್ಟಿತು. ಪುಸ್ತಕ ಎತ್ತಿಕೊಂಡು ಕಮಲ ಅವರ ಮೇಜಿಗೆ ಬಂದ.

ಆಕೆ ಎರಡು ಸಲ ಓದಿದರು. "ನಾನು ಬಿ.ಎ., ಇದೆಲ್ಲ ನನ್ನದಲ್ಲ. ಆದರೂ ಹೇಳ್ತೇನೆ. ಒಂದು ಮೀಟರನ್ನು ನೋಡಿಕೊಂಡು ಇನ್ನೊಂದನ್ನು ಸರಿ ಮಾಡಿರ್ತೇವೆ ಅಂತ ಇಟ್ಟುಕೊಳ್ಳಿ. ಆಮೇಲೆ ಆ ಎರಡನ್ನೇ ಹೋಲಿಸಿ ನೋಡಿದರೆ ಎರಡೂ ಒಂದೇ ಹೇಳ್ತಾವೆ. ಅದರಿಂದ ಏನೂ ಸಾಬೀತು ಆಗೋದಿಲ್ಲ ಅಂತ ಬರೆದಿದ್ದಾರೆ."

ಅವನು ಬೆರಳನ್ನು ಮತ್ತೆ ಅದೇ ಸಾಲಿನ ಮೇಲಿಟ್ಟ. ಅರ್ಥವಾಗಲಿಲ್ಲವೇನೋ ಎಂದುಕೊಂಡು ಆಕೆ ಮುಂದುವರಿಸಿದರು. "ನಮ್ಮ ಮನೆಯ ಕಥೆಯೇ. ಅತ್ತೆಯ ಗಡಿಯಾರ ನೋಡಿ ನಾನು ಟೈಮ್ ಇಡೋದು, ನನ್ನದು ನೋಡಿ ಅತ್ತೆ ಇಡೋದು. ಇಬ್ಬರದ್ದೂ ಸರಿಯೇ. ಬಸ್ಸು ಮಾತ್ರ ಯಾವಾಗಲೋ ಹೋಗಿರ್ತದೆ."

ಅರ್ಥವಾಗದೆ ನಿಂತವನಲ್ಲ ಅವನು. ಪ್ರತಿ ವರ್ಷ ಅಕ್ಟೋಬರಿನಲ್ಲಿ, ಕುಯ್ಲಿಗೆ ಮುಂಚೆ, ಸೊಸೈಟಿಯ ಮೀಟರು ಅವನ ಅಂಗಡಿಗೆ ಬರುತ್ತಿತ್ತು. ತಾಯಿ ಮೀಟರು ನೋಡಿ ಅದನ್ನು ಸರಿ ಮಾಡುತ್ತಿದ್ದ. ಕುಯ್ಲು ಮುಗಿದ ಮೇಲೆ, ತಾಯಿ ಮೀಟರನ್ನು ಬಟ್ಟೆಯಲ್ಲಿ ಸುತ್ತಿ ಸೊಸೈಟಿಗೆ ಒಯ್ದು, ಅಲ್ಲಿಯ ಮೀಟರು ನೋಡಿ ಇದನ್ನು ಸರಿ ಮಾಡುತ್ತಿದ್ದ. ಸೊಸೈಟಿ ಅಂದರೆ ದೊಡ್ಡ ಜಾಗ, ಅಲ್ಲಿಯದ್ದು ತಪ್ಪಿರುವುದಿಲ್ಲ ಎಂದು ಅವನ ನಂಬಿಕೆ. ಸಣ್ಣಸ್ವಾಮಿ ಸರಿ ಮಾಡಿದ್ದು ತಪ್ಪಿರುವುದಿಲ್ಲ ಎಂದು ಸೊಸೈಟಿಯ ನಂಬಿಕೆ. ಪ್ರತಿ ಸಲವೂ ಎರಡೂ ಚುಕ್ಕೆಯಷ್ಟೂ ವ್ಯತ್ಯಾಸವಿಲ್ಲದೆ ಹೊಂದುತ್ತಿದ್ದವು. ಅದನ್ನೇ ತನ್ನ ಕೈಚಳಕ ಎಂದುಕೊಂಡು ಹನ್ನೆರಡು ವರ್ಷ ಒಳಗೊಳಗೇ ಹಿಗ್ಗಿದ್ದ.

"ಈ ಪುಸ್ತಕ ರದ್ದಿಗೆ ಹೋಗುತ್ತಾ ಮೇಡಂ?"

"ಲಿಸ್ಟ್ ಆಗಿದೆ. ಪ್ರಿನ್ಸಿಪಾಲರು ಸೈನ್ ಮಾಡುವ ತನಕ ನಾನು ಕೊಡುವ ಹಾಗಿಲ್ಲ. ಅವರು ಬರೋದು ಹತ್ತನೇ ತಾರೀಕಿಗೆ." ಆಕೆಗೂ ಬೇಸರವಾದಂತಿತ್ತು. "ಬರೆದುಕೊಳ್ಳಿ. ಕಾಗದ ಕೊಡ್ತೇನೆ."

ಬೆಲ್ ಹೊಡೆಯುವ ತನಕ ಬರೆದುಕೊಂಡ. ಒಂದೂವರೆ ಪುಟವಾಯಿತು. ಅಲ್ಲಿಗೆ ನಿಂತಿತು.

ಬರೆದುಕೊಂಡದ್ದರಲ್ಲಿ ಇನ್ನೂ ಒಂದು ಮಾತಿತ್ತು: ಮೀಟರನ್ನು ಪರೀಕ್ಷಿಸಬೇಕಾದರೆ ಮೀಟರಿನ ಹಂಗಿಲ್ಲದ ಬೇರೊಂದು ದಾರಿ ಬೇಕು. ಆ ದಾರಿ ಯಾವುದೆಂದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಬೀಜ ಪುಡಿ ಮಾಡಿ ತೂಗಿ, ಹದವಾದ ಶಾಖದಲ್ಲಿ ನೀರೆಲ್ಲ ಹೋಗುವ ತನಕ ಒಣಗಿಸಿ, ಮತ್ತೆ ತೂಗುವುದು. ಕಡಿಮೆಯಾದ ತೂಕವೇ ನೀರು. ಶಾಖ ನೂರೈದು ಡಿಗ್ರಿಯಲ್ಲಿ ಅಲುಗದೆ ನಿಲ್ಲಬೇಕು, ಅಷ್ಟೇ.

ಭಾನುವಾರ ಪರಿಚಯದ ಚಿನ್ನದ ಅಂಗಡಿಯಿಂದ ಚಿಕ್ಕ ತಕ್ಕಡಿ ಕೇಳಿ ತಂದ. ಅಡುಗೆಮನೆಯಲ್ಲಿ ಕುಕ್ಕರಿನ ತಳಕ್ಕೆ ಮರಳು ಸುರಿದು, ಮೇಲೆ ತಟ್ಟೆಯಿಟ್ಟು, ಬೋಜಮ್ಮನ ಬೀಜದ ಪುಡಿ ಹರಡಿ, ಸಣ್ಣ ಉರಿಯಲ್ಲಿ ಕಾಯಿಸಿದ. ಹೆಂಡತಿ ವನಜಮ್ಮ ಬಾಗಿಲಿಗೆ ಒರಗಿ ನಿಂತು ನೋಡಿದಳು.

"ಅಲ್ಲ ಕಣ್ರೀ, ಅನ್ನ ಮಾಡೋ ಕುಕ್ಕರಿಗೆ ಮರಳು ಹಾಕಿದೀರಲ್ಲ."

"ತೊಳೆದುಕೊಡ್ತೀನಿ ಬಿಡೇ."

"ಮದ್ವೆಯಾಗಿ ಮೂವತ್ತು ವರ್ಷಕ್ಕೆ ಅಡುಗೆಮನೆಗೆ ಬಂದ್ರಿ. ಅದೂ ಮರಳು ಬೇಯ್ಸೋಕೆ."

ಮೊದಲನೇ ಸಲ ನೂರಕ್ಕೆ ಎಂಟು ಕಡಿಮೆಯಾಯಿತು. ಎರಡನೇ ಸಲ ಹನ್ನೊಂದು. ಮೂರನೇ ಸಲ ಉರಿ ಒಂದಿಷ್ಟು ಹೆಚ್ಚಾಗಿ ಹದಿನಾಲ್ಕಾಯಿತು. ಮನೆ ತುಂಬ ಹುರಿದ ಕಾಫಿಯ ಘಮ ಎದ್ದಿತು. ತಂದ ಬೀಜವೂ ಅಲ್ಲಿಗೆ ಮುಗಿಯಿತು. ಎಂಟಾದರೆ ಕುಶಾಲನಗರದ ಮೀಟರು ಸರಿ, ಹನ್ನೊಂದಾದರೆ ತನ್ನದು ಸರಿ, ಹದಿನಾಲ್ಕಾದರೆ ಯಾವುದೂ ಸರಿಯಲ್ಲ. ಅವನು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತುಬಿಟ್ಟ.

ವನಜಮ್ಮ ತಟ್ಟೆಯಲ್ಲಿದ್ದ ಪುಡಿಯನ್ನು ಮೂಸಿ ನೋಡಿ, ಅದಕ್ಕೇ ನೀರು ಕಾಯಿಸಿ, ಎರಡು ಲೋಟ ಕಾಫಿ ಮಾಡಿ ತಂದಳು. "ಅಳತೆ ಸಿಗ್ದಿದ್ರೆ ಹೋಗ್ಲಿ. ಬೋಜವ್ವನ ಕಾಫಿ ಚೆನ್ನಾಗೈತೆ, ಅಷ್ಟಾದ್ರೂ ಗೊತ್ತಾಯ್ತಲ್ಲ."

ಅವನು ಕುಡಿದ. ಚೆನ್ನಾಗಿಯೇ ಇತ್ತು. ಅರ್ಧಕ್ಕೇ ಲೋಟ ಕೆಳಗಿಟ್ಟ. "ತಾಯಿ ಮೀಟರು ತಪ್ಪಿದ್ರೆ ಬೋಜವ್ವ ಒಬ್ಬರೇ ಅಲ್ಲ ಕಣೇ. ಎಪ್ಪತ್ತು ಮೀಟರು. ಅದೆಷ್ಟು ಜನ ಅದೆಷ್ಟು ಸಲ ಮೂಟೆ ಹೊತ್ಕೊಂಡು ವಾಪಸ್ ಹೋಗವ್ರೋ."

"ತಪ್ಪಿದೆ ಅಂತ ಗೊತ್ತಾಯ್ತಾ?"

"ಅದೇ ಗೊತ್ತಾಗ್ತಿಲ್ಲ."

ವನಜಮ್ಮ ದೇವರ ಗೂಡಿನ ಮುಂದೆ ದೀಪ ಹಚ್ಚಿ, ಎಂದಿಗಿಂತ ಸ್ವಲ್ಪ ಹೆಚ್ಚು ಹೊತ್ತು ಕೈಮುಗಿದು ನಿಂತಳು.

ಮುಂದಿನ ನಾಲ್ಕು ದಿನ ಅವನು ಅಂಗಡಿಯಲ್ಲಿ ಕುಳಿತಿದ್ದನೇ ಹೊರತು ಯಾವ ಮೀಟರಿಗೂ ಕೈ ಹಚ್ಚಲಿಲ್ಲ. ಬಂದವರಿಗೆ, "ಇಟ್ಟೋಗಿ, ನೋಡೋಣ" ಎನ್ನುತ್ತಿದ್ದ. ಕುಯ್ಲಿನ ಕಾಲ; ಒಬ್ಬಿಬ್ಬರು ರೇಗಿದರು. ಯಾವುದನ್ನು ನೋಡಿಕೊಂಡು ಸರಿ ಮಾಡಲಿ ಎಂದು ಅವರನ್ನು ಕೇಳುವಂತಿರಲಿಲ್ಲ. ಬರೆದು ತಂದ ಒಂದೂವರೆ ಪುಟವನ್ನು ಎಷ್ಟು ಸಲ ಓದಿದರೂ ಉಳಿದ ಅರ್ಧ ಪುಟ ಹುಟ್ಟಿಕೊಳ್ಳಲಿಲ್ಲ. ದಾರಿ ಇದೆ ಎಂದು ತಿಳಿದೂ ಕಾಲು ಇಡಲಾಗದ ಸ್ಥಿತಿ. ಇದಕ್ಕಿಂತ ಏನೂ ಗೊತ್ತಿಲ್ಲದೆ ಇದ್ದ ದಿನಗಳೇ ನೆಮ್ಮದಿಯಾಗಿದ್ದವು.

ಗುರುವಾರ ಸಂಜೆ ಸೊಸೈಟಿಯ ಮ್ಯಾನೇಜರ್ ಮೊಣ್ಣಪ್ಪ ಬಂದರು. ಇಬ್ಬರದ್ದೂ ಇಪ್ಪತ್ತು ವರ್ಷದ ಸ್ನೇಹ. ಬಂದವರೇ ಸ್ಟೂಲಿನ ಮೇಲೆ ಕುಳಿತು, ಸುತ್ತ ಸಾಲಾಗಿ ಇಟ್ಟಿದ್ದ ಮೀಟರುಗಳನ್ನು ನೋಡಿದರು.

"ಎಂತ ಸ್ವಾಮಿ, ಅಂಗಡಿಯಾ ಆಸ್ಪತ್ರೆಯಾ ಇದು? ಎಲ್ಲ ಅಡ್ಮಿಟ್ ಆಗಿ ಬಿದ್ದುಕೊಂಡಿದಾವಲ್ಲ."

"ಡಾಕ್ಟರಿಗೇ ಹುಷಾರಿಲ್ಲ ಸಾರ್."

ಮೊಣ್ಣಪ್ಪ ನಕ್ಕರು. ಆಮೇಲೆ ಜೇಬಿನಿಂದ ಟೈಪ್ ಮಾಡಿದ ಒಂದು ಹಾಳೆ ತೆಗೆದು ಮೇಜಿನ ಮೇಲಿಟ್ಟರು. "ನಾಳೆ ಮೀಟಿಂಗ್ ಗೊತ್ತುಂಟಲ್ಲ, ಮೀಟರ್ ಸರಿ ಮಾಡಿದವ ಅಂತ ನಿನ್ನನ್ನೂ ಕರೀತಾರೆ. ನೀನು ಅಲ್ಲಿ ನಿಂತು ತಡವರಿಸೋದು ಬೇಡ ಅಂತ ನಾನೇ ಮಾಡಿಸಿಕೊಂಡು ಬಂದೆ. ಓದು."

ಅವನು ಓದಿದ. ಅಕ್ಟೋಬರಿನಲ್ಲಿ ಸೊಸೈಟಿಯ ಮೀಟರನ್ನು ಕ್ರಮಪ್ರಕಾರ ಪರೀಕ್ಷಿಸಲಾಗಿದ್ದು ಸರಿಯಾಗಿತ್ತು. ಅರ್ಜಿದಾರರ ಬೀಜ ದಾರಿಯಲ್ಲಿ ಗಾಳಿಗೆ ಒಣಗಿ ಕುಶಾಲನಗರದಲ್ಲಿ ಕಡಿಮೆ ತೋರಿಸಿರಬಹುದು ಎಂದಿತ್ತು. ಕೆಳಗೆ ಅವನ ಹೆಸರು, ಸಹಿಗೆ ಜಾಗ.

"ಒಂದು ಸೈನ್ ಹಾಕು. ಉಳಿದದ್ದು ನನಗೆ ಬಿಡು. ಬೋಜಮ್ಮ ಜಗಳಕ್ಕೆ ನಿಲ್ಲುವವರಲ್ಲ. ಆ ಹುಡುಗನೂ ನಾಲ್ಕು ದಿನ ಹಾರಾಡಿ ಸುಮ್ಮನಾಗ್ತಾನೆ. ಬರುವ ವರ್ಷ ಹೊಸ ಮೀಟರೇ ತರಿಸುವ."

"ಸರಿಯಾಗಿತ್ತು ಅಂತ ಬರೆದವ್ರಲ್ಲ ಸಾರ್."

"ಆಗಿರಲಿಲ್ವಾ?"

"ಗೊತ್ತಿಲ್ಲ."

"ನೀನೇ ಅಲ್ವಾ ಮಾರಾಯ ಮಾಡಿದ್ದು?"

"ನಾನೇ. ನಿಮ್ಮದು ನೋಡಿ ನಂದು ಮಾಡಿದೆ, ನಂದು ನೋಡಿ ನಿಮ್ಮದು ಮಾಡಿದೆ. ಅದರಲ್ಲಿ ಯಾವುದು ಎಲ್ಲಿ ಜಾರ್ತೋ ನಂಗೆ ತಿಳೀಲಿಲ್ಲ. ಈಗಲೂ ತಿಳೀತಿಲ್ಲ. ಪುಸ್ತಕ ಹುಡುಕ್ದೆ, ಪೂರ್ತಿ ಸಿಗಲಿಲ್ಲ."

ಮೊಣ್ಣಪ್ಪ ದನಿ ತಗ್ಗಿಸಿದರು. ಬೆದರಿಕೆಯಲ್ಲ, ಕಾಳಜಿಯೇ. "ಸ್ವಾಮಿ, ನೋಡು. ಅಲ್ಲಿ ನಿಂತು ಗೊತ್ತಿಲ್ಲ ಅಂದರೆ ನಾಡಿದ್ದಿನಿಂದ ನಿನ್ನ ಅಂಗಡಿಗೆ ಒಂದು ಮೀಟರ್ ಬರೋದಿಲ್ಲ. ನಿನ್ನ ಒಳ್ಳೇದಕ್ಕೇ ಹೇಳ್ತಿದ್ದೇನೆ. ತಪ್ಪು ಅಂತ ಗೊತ್ತಿದ್ದು ಸೈನ್ ಮಾಡಿದರೆ ಪಾಪ. ಗೊತ್ತೇ ಇಲ್ಲ ಅಂದಮೇಲೆ ಎಂತ ಪಾಪ?"

ಸರಿಯಾಗಿಯೇ ಇದ್ದಿರಬಹುದಲ್ಲ ಎಂದು ಅವನ ಮನಸ್ಸೂ ನಾಲ್ಕು ದಿನದಿಂದ ಅದನ್ನೇ ಹೇಳುತ್ತಿತ್ತು. ಪೆನ್ನು ಅಂಗಿಯ ಜೇಬಿನಲ್ಲೇ ಇತ್ತು. ಮಿಷನ್ ಮಾತು ಕೇಳಿದೆ ಎಂದು ಹೇಳುವಾಗ ಬೋಜಮ್ಮ ತನ್ನ ಮುಖವನ್ನು ನೋಡಿದ ರೀತಿ ಕಣ್ಣ ಮುಂದೆ ಬಂತು.

"ಬೇಡ ಸಾರ್."

"ನಾಳೆ ಎಂತ ಹೇಳ್ತೀಯ ಹಾಗಾದರೆ?"

"ಗೊತ್ತಿಲ್ಲ ಅಂತಲೇ ಹೇಳ್ತೀನಿ."

ಮೊಣ್ಣಪ್ಪ ಎದ್ದು ಅವನ ಹೆಗಲು ಮುಟ್ಟಿ, "ಅವಸರ ಬೇಡ. ಕಾಗದ ಇಲ್ಲೇ ಇರಲಿ. ಬೆಳಿಗ್ಗೆ ತನಕ ಯೋಚನೆ ಮಾಡು, ಹುಡುಗನ ಕೈಲಿ ತರಿಸಿಕೊಳ್ತೇನೆ" ಎಂದು ಹೊರಟರು.

ಸಣ್ಣಸ್ವಾಮಿ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ, ಓಣಿಯ ತನಕ ಅವರ ಹಿಂದೆಯೇ ಹೋಗಿ, ಅವರ ಕೈಗೇ ಕೊಟ್ಟ.

"ತಗೊಂಡೋಗ್ಬಿಡಿ ಸಾರ್. ಇಲ್ಲಿದ್ರೆ ಬೆಳಗಾಗೋದ್ರೊಳಗೆ ಸೈನ್ ಹಾಕ್ಬಿಡ್ತೀನಿ."